ನಾಲ್ಕು ಗಿಡದ ಮನೆಯಲ್ಲಿ ಮದುವೆ

ಕಂಪಲಾಪುರ

ಪಿರಿಯಾಪಟ್ಟಣದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಮದುವೆ ಹೆಣ್ಣಿಗೆ ಅಲಂಕಾರ ಮಾಡಲು ಹುಣಸೂರು, ಕೆ.ಆರ್. ನಗರ, ತೀರಾ ಹೆಚ್ಚೆಂದರೆ ಮೈಸೂರಿನವರೆಗೆ ಹೋಗಿ ಬಂದವಳು ನಾನು. ಕೆನಡಾಕ್ಕೆ ಹೋಗಿ ಹೆಣ್ಣಿನ ತಲೆ ಬಾಚುತ್ತೀಯ ಎಂದು ಯಾರಾದರೂ ಹೇಳಿದ್ದರೆ, ಮುಖಕ್ಕೆ ಹಚ್ಚಿದ ಫೇಸ್‌ಪ್ಯಾಕ್ ಬಿರಿಯುವಷ್ಟು ನಗುತ್ತಿದ್ದೆ.

ಹೆಣ್ಣು ನನ್ನ ಅಣ್ಣನ ಮಗಳು ಕಾವ್ಯ. ಅವಳ ತಾಯಿ ಬೇಗ ತೀರಿಕೊಂಡಳು. ಹೈಸ್ಕೂಲಿನಿಂದ ನಮ್ಮ ಮನೆಯಲ್ಲೇ ಬೆಳೆದು, ನರ್ಸಿಂಗ್ ಓದಿ, ಈಗ ಕೆನಡಾದ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದಾಳೆ. ಹುಡುಗ ಬಿಜು, ಅಲ್ಲೇ ಅದೇ ಕೆಲಸ. ಅವನ ಊರು ಗಡಿಯಾಚೆಯ ಮಾನಂದವಾಡಿ. ಎಚ್.ಡಿ. ಕೋಟೆ ಕಡೆಯಿಂದ ಬಾವಲಿ ಗೇಟು ದಾಟಿದರೆ ಅವರ ಸೀಮೆ. ಅಷ್ಟು ಹತ್ತಿರದವರು ಒಬ್ಬರನ್ನೊಬ್ಬರು ನೋಡಲು ಭೂಮಿಯ ಆಚೆ ಬದಿಗೆ ಹೋಗಬೇಕಾಯಿತು.

ಹೆಣ್ಣಿನ ಅಪ್ಪ ಹೋಗದೆ ಅತ್ತೆ ಯಾಕೆ ಹೋದಳು ಎಂದು ನೀವು ಕೇಳಬಹುದು. ಅಣ್ಣ ಪುಟ್ಟಸ್ವಾಮಿಗೆ ಪಾಸ್‌ಪೋರ್ಟ್ ಸಿಗಲಿಲ್ಲ. ಅವನು ಅಂತರಸಂತೆಯ ಹತ್ತಿರ ಜಮೀನು ಗುತ್ತಿಗೆಗೆ ಹಾಕಿಕೊಂಡು ಬೇಸಾಯ ಮಾಡುತ್ತಾನೆ. ಕೆಲವು ವರ್ಷದ ಹಿಂದೆ ಮುಸುಕಿನ ಜೋಳದ ನಡುವೆ ಬಂಗಿ ಸೊಪ್ಪಿನ ಗಿಡ ಹಾಕಿದ್ದಾನೆಂದು ಪೊಲೀಸರು ಹಿಡಿದರು. ಹಾಕಿದ್ದು ನಿಜ. ಗಾಂಜಾ ಗಿಡಗಳನ್ನು ಮುಂದೆ ರಾಶಿ ಹಾಕಿ, ಅಣ್ಣನನ್ನು ಕುಕ್ಕರುಗಾಲಲ್ಲಿ ಕೂರಿಸಿ, ಹಿಂದೆ ಪೊಲೀಸರು ಸಾಲಾಗಿ ನಿಂತ ಫೋಟೊ ಪೇಪರಿನಲ್ಲಿ ಬಂತು. ಕಾವ್ಯ ಆಗ ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ಆ ಪೇಪರನ್ನು ಯಾರೋ ಅವಳ ಮಂಚದ ಮೇಲೆ ಇಟ್ಟಿದ್ದರಂತೆ. ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಅಣ್ಣ ಜೈಲಿಗೆ ಹೋದ, ಜಾಮೀನಿನ ಮೇಲೆ ಬಂದ. ಕೇಸು ಇನ್ನೂ ನಡೆಯುತ್ತಿದೆ.

ನಾನು ಹೊರಡುವ ದಿನ ಅವನು ಕಂಪಲಾಪುರದ ಬಸ್ ಸ್ಟಾಪಿಗೆ ಬಂದು ಕಾದಿದ್ದ. ಕೈಯಲ್ಲಿ ಒಂದು ಕವರು. ಒಳಗೆ ಹುರಿದ ಹುರಳಿಕಾಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ.

"ಧಾರೆಗೆ ಬೇಕಾಯ್ತದೆ ಕಣವ್ವ," ಅಂದ. "ಯಾರ್ ಕೊಟ್ರು ಅಂತ ಮಾತ್ರ ಏಳ್ಬ್ಯಾಡ."

ಟೊರೊಂಟೊ

ವಿಮಾನದಲ್ಲಿ ನನ್ನ ಪಕ್ಕ ಕೂತಿದ್ದ ಪಂಜಾಬಿನ ಅಜ್ಜಿಗೆ ಕನ್ನಡ ಬಾರದು, ನನಗೆ ಪಂಜಾಬಿ ಬಾರದು. ಆದರೂ ಇಳಿಯುವ ಹೊತ್ತಿಗೆ ಅವರ ಮೂವರು ಸೊಸೆಯರ ಗುಣಾವಗುಣ ನನಗೆ ತಿಳಿದಿತ್ತು.

ಇಳಿದ ಮೇಲೆ ಪೆಟ್ಟಿಗೆ ಬರುವ ಜಾಗದಲ್ಲಿ ಒಂದು ಸಣ್ಣ ನಾಯಿ ಅಡ್ಡಾಡುತ್ತಿತ್ತು. ಉದ್ದ ಕಿವಿ, ಮುದ್ದು ಮುಖ. ನೇರ ಬಂದು ನನ್ನ ಬ್ಯಾಗಿನ ಪಕ್ಕ ಶಾಂತವಾಗಿ ಕೂತುಬಿಟ್ಟಿತು. ಇಂಥ ನಾಯಿಗಳು ಏನನ್ನು ಹುಡುಕುತ್ತವೆ ಎಂದು ಅಣ್ಣನ ಕೇಸಿನಿಂದಾಗಿ ನಮ್ಮ ಮನೆಯವರಿಗೆಲ್ಲ ಗೊತ್ತು. ಬ್ಯಾಗನ್ನು ಕಾಲಿನ ಹಿಂದಕ್ಕೆ ಎಳೆದುಕೊಂಡೆ. ಅಣ್ಣನ ಬಟ್ಟೆಯಿಂದ, ಅವನ ಕವರಿನಿಂದ ಏನಾದರೂ ವಾಸನೆ ಹತ್ತಿತೋ ಏನೋ! ಮದುವೆಗೆ ಬಂದ ಅತ್ತೆಯನ್ನು ವಿಮಾನ ನಿಲ್ದಾಣದಲ್ಲೇ ಹಿಡಿದರು ಅಂತ ಮತ್ತೊಂದು ಫೋಟೊ ಪೇಪರಿನಲ್ಲಿ ಬಂದರೆ ಕಾವ್ಯಳ ಗತಿ ಏನು?

ನಾಯಿಯ ಜೊತೆಗಿದ್ದ ಅಧಿಕಾರಿ ಹೆಂಗಸು ಅಣ್ಣನ ಕವರು ಬಿಚ್ಚಿ ವೀಳ್ಯದೆಲೆ ಎತ್ತಿ ಹಿಡಿದಳು. ನಾನು ಬಾಯಿಗೆ ಹಾಕಿಕೊಂಡು ಅಗಿಯುವ ನಟನೆ ಮಾಡಿ ತೋರಿಸಿದೆ. ಅವಳು ನಕ್ಕು, ಹಸಿ ಎಲೆ ಒಳಗೆ ಬಿಡುವಂತಿಲ್ಲ, ಸಾರಿ ಅಂದಳು. ಎಲೆಯನ್ನು ಡಬ್ಬಕ್ಕೆ ಹಾಕುವಾಗ ಇನ್ನೊಮ್ಮೆ ಸಾರಿ ಅಂದಳು. ಹುರಳಿಕಾಳನ್ನು ವಾಪಸು ಕೊಟ್ಟಳು. ನಾಯಿಗೆ ಏನೋ ತಿಂಡಿ ಸಿಕ್ಕಿತು. ನನಗೆ ಮಾತ್ರ ಅಳು ಬರುವ ಹಾಗಾಯಿತು. ಅಣ್ಣ ಅಷ್ಟು ಜೋಪಾನವಾಗಿ ಸುತ್ತಿ ಕೊಟ್ಟಿದ್ದ.

ಆ ದೇಶದಲ್ಲಿ ಸಾರಿ ಅನ್ನುವುದು ನಮ್ಮ ಕಡೆ "ಊಟ ಆಯ್ತಾ" ಅಂದ ಹಾಗೆ. ನಾನು ಅವರ ಕಾಲು ತುಳಿದರೂ ಅವರೇ ಸಾರಿ ಅನ್ನುತ್ತಾರೆ.

ಡೆಲ್ಹೈ

ಕಾವ್ಯ ಇರುವ ಊರಿನ ಹೆಸರು ಇಂಗ್ಲಿಷಿನಲ್ಲಿ ಬರೆದರೆ ನಮ್ಮ ದೆಹಲಿಯೇ. ಆದರೆ ಅಲ್ಲಿಯವರು ಡೆಲ್ಹೈ ಅನ್ನುತ್ತಾರೆ. ನಾನು ಡೆಲ್ಲಿ ಅಂದಾಗಲೆಲ್ಲ ಪ್ರೀತಿಯಿಂದ ತಿದ್ದುತ್ತಿದ್ದರು. ನನ್ನ ದೇಶದ ರಾಜಧಾನಿಯ ಹೆಸರನ್ನು ನನಗೇ ಹೇಳಿಕೊಡುತ್ತಿದ್ದೀರಲ್ಲಪ್ಪಾ ಅಂದುಕೊಂಡು ಸುಮ್ಮನಾದೆ.

ಬಿಜು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದಾಗ ರಸ್ತೆಯ ಎರಡೂ ಕಡೆ ಎತ್ತರದ, ಕಿಟಕಿಯಿಲ್ಲದ ಮರದ ಮನೆಗಳು ಕಾಣಿಸತೊಡಗಿದವು. ಕೆಲವು ಒಂದು ಕಡೆ ವಾಲಿದ್ದವು, ಕೆಲವಕ್ಕೆ ಬಳ್ಳಿ ಹಬ್ಬಿತ್ತು.

"ಬಿಜು, ಕಾರು ನಿಲ್ಸು! ಇವು ಬ್ಯಾರನ್ ಅಲ್ವಾ?" ಅಂದೆ.

ಬ್ಯಾರನ್ನುಗಳೇ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್. ನಮ್ಮ ತಾಲ್ಲೂಕಿನಲ್ಲಿ ಕಂಪಲಾಪುರದಿಂದ ರಾವಂದೂರಿನವರೆಗೆ ಹೆಜ್ಜೆಗೊಂದು ನಿಂತಿರುತ್ತದೆ. ನಮ್ಮವು ಇಟ್ಟಿಗೆಯವು, ಅವರವು ಮರದವು, ಅಷ್ಟೇ ವ್ಯತ್ಯಾಸ. ಆ ಸೀಮೆಯೂ ಒಂದು ಕಾಲದಲ್ಲಿ ಪೂರ್ತಿ ಹೊಗೆಸೊಪ್ಪಿನ ಸೀಮೆಯಂತೆ. ಆಮೇಲೆ ಸರ್ಕಾರ ಬಿಡಿಸಿತಂತೆ. ಈಗ ಬಹಳ ಜನ ಜಿನ್ಸೆಂಗ್ ಎಂಬ ಗೆಡ್ಡೆ ಹಾಕುತ್ತಾರೆ. ಕಪ್ಪು ಬಲೆಯ ನೆರಳಿನಲ್ಲಿ ಎಕರೆಗಟ್ಟಲೆ. ನಮ್ಮಲ್ಲೂ ಈಗ ಹೊಗೆಸೊಪ್ಪಿನ ಪಕ್ಕದಲ್ಲೇ ಶುಂಠಿ ಬರುತ್ತಿದೆಯಲ್ಲ, ಎಲ್ಲ ಕಡೆ ಮಣ್ಣಿನೊಳಗಿನ ಬೇರಿಗೇ ಕಾಲ ಬಂದಿದೆ ಅನ್ನಿಸಿತು.

ಕಾವ್ಯ ಬಾಡಿಗೆಗಿರುವುದು ರಾನ್ ಮತ್ತು ಐರಿನ್ ಎಂಬ ಗಂಡಹೆಂಡತಿಯ ಮನೆಯ ಕೆಳಗೆ, ನೆಲದೊಳಗಿನ ಅಂತಸ್ತಿನಲ್ಲಿ. ಕಿಟಕಿಯಿಂದ ನೋಡಿದರೆ ಓಡಾಡುವವರ ಕಾಲು ಮಾತ್ರ ಕಾಣುತ್ತದೆ. ರಾನ್ ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ಹಿಂದೆ ಹೊಗೆಸೊಪ್ಪಿನ ರೈತ. ಐರಿನ್‌ಗೆ ಕ್ಯಾನ್ಸರ್ ಆಗಿ ಚಿಕಿತ್ಸೆ ನಡೆದಿತ್ತು. ತಲೆಯ ಮೇಲೆ ಕೂದಲು ಆಗಷ್ಟೇ ಹೊಸದಾಗಿ ಬರುತ್ತಿತ್ತು, ಕೋಳಿಮರಿಯ ತುಪ್ಪಳದ ಹಾಗೆ. ಕಾವ್ಯ ಕೆಲಸ ಮುಗಿಸಿ ಬಂದವಳು ಮೊದಲು ಮೇಲಕ್ಕೆ ಹೋಗಿ ಐರಿನ್‌ಳನ್ನು ನೋಡಿ, ಆಮೇಲೆ ಕೆಳಗಿಳಿಯುತ್ತಿದ್ದಳು.

ಮನೆಯ ಹಿತ್ತಲ ಕಡೆಯಿಂದ ಆಗಾಗ ಒಂದು ಕಟುವಾದ ವಾಸನೆ ಬರುತ್ತಿತ್ತು. ಏನೆಂದು ಕೇಳಿದರೆ ಕಾವ್ಯ ಕಿಟಕಿ ಮುಚ್ಚುತ್ತಾ, "ಸ್ಕಂಕ್ ಅಂತ ಒಂದು ಪ್ರಾಣಿ ಅತ್ತೆ. ರಾತ್ರಿ ಬಂದು ನಾತ ಬುಟ್ಟು ಓಗ್ತದೆ," ಅಂದಳು. ನಾನು ನಂಬಿದೆ. ನಮ್ಮ ಪುನುಗಿನ ಬೆಕ್ಕಿನ ಹಾಗೆ ಇರಬೇಕು ಅಂದುಕೊಂಡು, ಆ ಪ್ರಾಣಿ ನೋಡಲು ಎರಡು ದಿನ ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದೂ ಆಯಿತು.

ಬುಧವಾರ, ಸ್ಟ್ರೈಟ್ನರ್

ಮದುವೆ ಶನಿವಾರ. ಮಂಗಳವಾರ ಕಾವ್ಯ ಡ್ಯೂಟಿಗೆ ಹೋಗಿದ್ದಾಗ ಐರಿನ್ ಮೆಟ್ಟಿಲು ಹಿಡಿದು ನಿಧಾನವಾಗಿ ಇಳಿದು ಬಂದಳು. ನನ್ನ ಅಲಂಕಾರದ ಪೆಟ್ಟಿಗೆ ತೆರೆದೇ ಇತ್ತು. ಅದರಲ್ಲಿದ್ದ ಹೇರ್ ಸ್ಟ್ರೈಟ್ನರ್ ತೋರಿಸಿ, ಒಂದು ದಿನಕ್ಕೆ ಕೊಡುತ್ತೀಯಾ ಎಂದು ಕೇಳಿದಳು. ನಾನು ಅವಳ ತಲೆಯ ತುಪ್ಪಳ ನೋಡಿದೆ. ಮದುವೆಗೆ ಅವಳಿಗೂ ಚೆಂದ ಕಾಣುವ ಆಸೆ ಇರುತ್ತದಲ್ಲ! ನನ್ನ ಕಣ್ಣು ತುಂಬಿ ಬಂತು. "ಟೇಕ್, ಟೇಕ್, ವೆರಿ ಗುಡ್," ಅಂದು ಕೈಗಿತ್ತೆ. ನಾನೇ ಹಾಕಿ ಕೊಡುತ್ತೇನೆ ಎಂದು ಸನ್ನೆ ಮಾಡಿದರೆ ಅವಳು ಬೇಡವೆಂದು ಗಟ್ಟಿಯಾಗಿ ನಕ್ಕಳು. ಸಂಕೋಚ ಇರಬೇಕು ಅಂದುಕೊಂಡೆ.

ಮರುದಿನ ಸ್ಟ್ರೈಟ್ನರ್ ಒಂದು ಟವೆಲಿನಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟಿತ್ತು. ಸಂಜೆ ಕಾವ್ಯಳನ್ನು ಕನ್ನಡಿಯ ಮುಂದೆ ಕೂರಿಸಿ, ಮದುವೆಯ ಜಡೆಯನ್ನು ಒಮ್ಮೆ ಹಾಕಿ ನೋಡೋಣವೆಂದು ಪ್ಲಗ್ ಹಾಕಿದೆ. ತಗಡು ಕಾಯುತ್ತಿದ್ದ ಹಾಗೆ ಹೊಗೆ ಎದ್ದಿತು. ಆ ಸ್ಕಂಕ್ ಎಂಬ ಪ್ರಾಣಿ ಕೋಣೆಯೊಳಗೇ ನುಗ್ಗಿದ ಹಾಗೆ ವಾಸನೆ ತುಂಬಿಕೊಂಡಿತು.

"ಆಫ್ ಮಾಡು ಅತ್ತೆ! ಆಫ್ ಮಾಡು!" ಕಾವ್ಯ ಎದ್ದು ನಿಂತು ಪ್ಲಗ್ ಕಿತ್ತಳು. "ಯಾರಿಗೆ ಕೊಟ್ಟಿದ್ದೆ ಇದ್ನ?"

"ಐರಿನ್‌ಗೆ. ತಲೆಗೆ ಅಂತ... ಏನವ್ವ ಇದು ವಾಸ್ನೆ? ಆ ಪ್ರಾಣಿದಲ್ವಾ?"

"ಪ್ರಾಣೀನೂ ಇಲ್ಲ, ಗೀಣೀನೂ ಇಲ್ಲ. ಬಂಗಿ ಸೊಪ್ಪು."

ನಾನು ಓಡಿ ಹೋಗಿ ಬಾಗಿಲ ಚಿಲಕ ಹಾಕಿದೆ.

"ಇಲ್ಲಿ ಕಾನೂನೇ ಐತೆ ಅತ್ತೆ," ಅವಳು ಕಿಟಕಿ ತೆರೆಯುತ್ತ ಹೇಳಿದಳು. "ಮನೆಗೆ ನಾಕು ಗಿಡ ಬೆಳ್ಕೋಬೋದು. ರಾನ್ ಬೆಳೀತಾರೆ. ಹೂವ ಒಣಗ್ಸಿ, ಬಿಸಿ ತಗಡ್ನಲ್ಲಿ ಒತ್ತಿ ಅಂಟು ತೆಗೀತಾರೆ. ಐರಿನ್‌ಗೋಸ್ಕರ. ಅವಳ ಡಾಕ್ಟರ್‌ಗೂ ಗೊತ್ತು."

"ಗೊತ್ತಿದ್ದೂ ಈ ಮನೇಲಿ ಇದ್ದೀಯಾ ನೀನು?"

"ಮೊದ್ಲು ಗೊತ್ತಿರಲಿಲ್ಲ. ಗೊತ್ತಾದ್ ದಿನಾನೇ ಮನೆ ಬುಡಣ ಅನ್ಕಂಡೆ. ಅಷ್ಟ್ರಲ್ಲಿ ಅವಳಿಗೆ ಕಾಯಿಲೆ ಜಾಸ್ತಿ ಆಯ್ತು. ಎಂಗ್ ಬುಟ್ಟು ಓಗ್ಲಿ?" ಅವಳು ಟವೆಲಿನಿಂದ ಹೊಗೆಯನ್ನು ಆಚೆಗೆ ಬೀಸಿದಳು. "ಅವರು ಗಿಡ ಇಟ್ಟಿರೋ ಆ ಶೆಡ್ ಕಡೆ ಒಂದ್ ದಿನಾನೂ ಓಗಿಲ್ಲ ನಾನು. ಈ ವಾಸ್ನೆ ಬಂದ್ರೆ ಸಾಕು, ಆ ಫೋಟೊ ಕಣ್ಮುಂದೆ ಬತ್ತದೆ. ಅಪ್ಪ ಕುಕ್ಕರುಗಾಲಲ್ಲಿ ಕೂತಿರೋದು."

ಅಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಅಪ್ಪ ಎಂಬ ಮಾತು ಬಂದದ್ದು ಅದೇ ಮೊದಲು. ಅವತ್ತು ಜಡೆ ಹಾಕಲಾಗಲಿಲ್ಲ. ಸುಮ್ಮನೆ ಅವಳ ತಲೆಗೆ ಎಣ್ಣೆ ಹಚ್ಚಿ ತಟ್ಟುತ್ತಾ ಕೂತೆ.

ರಾನ್‌ನ ಬ್ಯಾರನ್

ವಿಷಯ ತಿಳಿದು ರಾನ್ ಓಡಿ ಬಂದ. ಮುಖವೆಲ್ಲ ಕೆಂಪಾಗಿತ್ತು. ಎಷ್ಟು ಸಲ ಸಾರಿ ಹೇಳಿದನೋ ಲೆಕ್ಕವಿಲ್ಲ. ನನಗೆ ಅರ್ಥವಾದದ್ದಿಷ್ಟು: ಅವನ ಒತ್ತುವ ಯಂತ್ರದ ಒಂದು ತಗಡು ಬಿಸಿಯಾಗುವುದು ನಿಂತಿತ್ತು, ಬಿಡಿಭಾಗ ಅಂಚೆಯಲ್ಲಿ ಬರಬೇಕಿತ್ತು. ಐರಿನ್‌ಗೆ ನೋವಿಗೆ ನಿದ್ದೆ ಇರಲಿಲ್ಲ. ನನ್ನ ಸ್ಟ್ರೈಟ್ನರ್ ನೋಡಿ ಅವಳೇ ಉಪಾಯ ಮಾಡಿದಳು. ಎರಡು ಬಿಸಿ ತಗಡು, ನಡುವೆ ಒತ್ತಡ, ಅಷ್ಟೇ ತಾನೆ? ಯಂತ್ರ ಕೊಳ್ಳುವ ಮುಂಚೆ ಎಷ್ಟೋ ಜನ ಹಾಗೇ ಮಾಡುವುದಂತೆ. ನಾನು ಕೊಡುವಾಗ ವಿಷಯ ತಿಳಿದೇ ಕೊಟ್ಟೆನೆಂದು ಅವಳು ಭಾವಿಸಿದ್ದಳು. ನಾನೋ, ಅವಳ ಇಲ್ಲದ ಕೂದಲಿಗೆ ಕಣ್ಣೀರು ಹಾಕಿದ್ದೆ!

ಅಂದೇ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಹೊಸ ಸ್ಟ್ರೈಟ್ನರ್ ಕೊಡಿಸಿದ. ಹಳೆಯದನ್ನು ಸ್ಪಿರಿಟ್ ಹಚ್ಚಿ ಉಜ್ಜಿ ಹೊಳೆಯುವಂತೆ ಮಾಡಿ ಅದನ್ನೂ ಕೊಟ್ಟ. ಬಿಡಿಭಾಗ ಬಂದಿದೆ, ಬೇಕಿದ್ದರೆ ನಾಳೆ ಬೆಳಗ್ಗೆ ಬಂದು ನೋಡು, ಬೇಡದಿದ್ದರೆ ಬೇಡ ಅಂದ.

ಹೆದರಿಕೆ ಇತ್ತು. ಆದರೂ ಹೋದೆ. ನಮ್ಮ ಮನೆಯನ್ನು ಒಡೆದ ಆ ವಸ್ತು ಏನೆಂದು ಒಮ್ಮೆ ಹತ್ತಿರದಿಂದ ನೋಡಬೇಕಿತ್ತು.

ಅವನ ಶೆಡ್ ಅಂದರೆ ಒಂದು ಹಳೆಯ ಬ್ಯಾರನ್. ಎಲ್ಲವನ್ನೂ ಕೆಡವಿ ಅದೊಂದನ್ನು ಉಳಿಸಿಕೊಂಡಿದ್ದ. ಒಳಗೆ ಕಾಲಿಟ್ಟ ಕೂಡಲೇ ನನಗೆ ಮೊದಲು ಬಡಿದದ್ದು ಗಾಂಜಾ ವಾಸನೆಯಲ್ಲ, ಹದವಾದ ಹೊಗೆಸೊಪ್ಪಿನ ಸಿಹಿ ವಾಸನೆ. ವರ್ಷಗಟ್ಟಲೆ ಸೊಪ್ಪು ಬೇಯಿಸಿದ ಮರದ ಹಲಗೆ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಹಲಗೆಗೆ ಮೂಗು ತಾಗಿಸಿ ನಿಂತೆ. ಅಣ್ಣ ಮತ್ತು ನಾನು ರಜೆಯಲ್ಲಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂರುತ್ತಿದ್ದದ್ದು, ಕೈಗೆಲ್ಲ ಕಪ್ಪು ಮೇಣ ಹತ್ತಿಕೊಂಡು ಅದೇ ಕೈಯಲ್ಲಿ ಅವನು ನನ್ನ ಮೂಗು ಹಿಂಡುತ್ತಿದ್ದದ್ದು ನೆನಪಾಯಿತು.

ಬೆಂಚಿನ ಮೇಲೆ ಯಂತ್ರ ಇತ್ತು. ಕಬ್ಬಿಣದ ಚೌಕಟ್ಟು, ಕೆಳಗೆ ಲಾರಿ ಎತ್ತುವ ಜಾಕಿನಂಥದ್ದು, ನಡುವೆ ಮುಖಾಮುಖಿ ಎರಡು ದಪ್ಪ ತಗಡು. ರಾನ್ ಹೋದ ವರ್ಷದ ಒಣಗಿದ ಹೂವನ್ನು ಗಾಜಿನ ಭರಣಿಯಿಂದ ತೆಗೆದು, ತೆಳು ಜಾಲರಿ ಬಟ್ಟೆಯ ಪುಟ್ಟ ಚೀಲದಲ್ಲಿ ತುಂಬಿ, ಎಣ್ಣೆ ಅಂಟದ ಕಾಗದದ ಮಡಿಕೆಯೊಳಗೆ ಇಟ್ಟ. ತಗಡಿನ ನಡುವೆ ಸೇರಿಸಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟ. ಮೊದಲು ಬಿಸಿ ಒಳಗಿಳಿಯಬೇಕು, ಆಮೇಲೆ ಒತ್ತಬೇಕು ಅಂದ. ಕೆಲವರು ಗ್ಯಾಸ್ ಹಾಕಿ ಅಂಟು ತೆಗೆಯಲು ಹೋಗಿ ಮನೆಗೇ ಬೆಂಕಿ ಹಚ್ಚಿಕೊಂಡಿದ್ದಾರಂತೆ. ಇದರಲ್ಲಿ ಬಿಸಿ ಮತ್ತು ಭಾರ ಬಿಟ್ಟರೆ ಬೇರೇನೂ ಇಲ್ಲ, ಆದರೆ ಬಿಸಿ ಹೆಚ್ಚಾದರೆ ಕಪ್ಪಾಗಿ ಕಮಟು ನಾತ ಬರುತ್ತದೆ ಅಂದ. ಬ್ಯಾರನ್ನಿನಲ್ಲೂ ಹಾಗೆಯೇ. ಅವಸರದಲ್ಲಿ ಉರಿ ಏರಿಸಿದವನ ಸೊಪ್ಪು ಕಪ್ಪಾಗುತ್ತದೆ.

ಜಾಕಿನ ಹಿಡಿಯನ್ನು ನನ್ನ ಕೈಗೇ ಕೊಟ್ಟ. ಮೆಲ್ಲಗೆ ಒತ್ತಿದೆ. ಚುಯ್ ಎಂಬ ಸಣ್ಣ ಸದ್ದು. ಕಾಗದದ ಮೇಲೆ ಚೀಲದ ಸುತ್ತಲೂ ಜೋನಿಬೆಲ್ಲದ ಬಣ್ಣದ ಅಂಟು ಜಿನುಗಿ ನಿಧಾನವಾಗಿ ಹರಡಿತು. ತಣ್ಣಗಾದ ಮೇಲೆ ರಾನ್ ಅದನ್ನು ಸಣ್ಣ ಚಾಕುವಿನಲ್ಲಿ ಕೆರೆದು ಒಟ್ಟು ಮಾಡಿದರೆ ಒಂದು ಬಟಾಣಿ ಕಾಳಿನಷ್ಟಾಯಿತು. ರಾಸಿನ್ ಅನ್ನುತ್ತಾರಂತೆ. ಇಷ್ಟಕ್ಕಾ ಇಷ್ಟೆಲ್ಲ ಅಂದುಕೊಂಡೆ.

ಅಷ್ಟರಲ್ಲಿ ನನ್ನ ಫೋನು ಹೊಡೆಯಿತು. ಅಣ್ಣ. ಅಲ್ಲಿ ಸಂಜೆ, ದಿನವೂ ಆ ಹೊತ್ತಿಗೆ ಮಗಳ ಸಮಾಚಾರ ಕೇಳಲು ಮಾಡುತ್ತಿದ್ದ. ನಾನು ಯೋಚಿಸದೆ ವಿಡಿಯೋ ಎತ್ತಿಬಿಟ್ಟೆ.

"ಎಲ್ಲಿದ್ದೀಯವ್ವ? ಅಯ್, ಅದು ಬ್ಯಾರನ್ ಕಣೆ!" ಅಂದ. ಕಡ್ಡಿ ಇಡುವ ತೊಲೆಗಳನ್ನು ನೋಡಿಯೇ ಗುರುತು ಹಿಡಿದಿದ್ದ. ರಾನ್‌ಗೆ ಖುಷಿಯೋ ಖುಷಿ. ಇಬ್ಬರೂ ನನ್ನನ್ನು ನಡುವೆ ನಿಲ್ಲಿಸಿಕೊಂಡು ಮಾತಿಗಿಳಿದರು. ಸೊಪ್ಪನ್ನು ಮೊದಲು ಅರಿಶಿನ ಬಣ್ಣಕ್ಕೆ ತಿರುಗಿಸಬೇಕೆಂದು ರಾನ್ ಅಂದರೆ, "ಅದೇ ಅದೇ, ಆಮೇಲೆ ಎಲೆ ಒಣಗ್ಬೇಕು, ಕೊನೆಗೆ ದಂಟು," ಅಂತ ಅಣ್ಣ. ಮಗಳಿಗೆ ಚಳಿಗೆ ದಪ್ಪ ಕೋಟು ಇದೆಯಾ ಕೇಳು ಅಂದ. ಕೇಳಿದೆ. ಇದೆ, ಇಲ್ಲದಿದ್ದರೆ ನಾನು ಕೊಡಿಸುತ್ತೇನೆ ಅಂದ ರಾನ್.

ಆಮೇಲೆ ಅಣ್ಣ ಫೋನನ್ನು ಕಣ್ಣಿನ ಹತ್ತಿರ ತಂದ.

"ಜಯ, ಆ ಬಾಗ್ಲಾಚೆ ಕುಂಡದಲ್ಲಿ ಏನದು?"

ಫೋನು ತಿರುಗಿಸಿದೆ, ತಡವಾಗಿತ್ತು. "ಅದೇ ಗಿಡ ಕಣಣ್ಣ," ಅಂದೆ.

"ಪೊಲೀಸ್ನೋರು?"

"ಇಲ್ಲಿ ಮನೆಗೆ ನಾಕು ಬೆಳ್ಕೋಬೋದಂತೆ."

ಅವನು ಬೆರಳು ಮಡಿಚಿ ಏನೋ ಎಣಿಸಿದ.

"ನಾಕಾ?" ಅಂದ. "ನಂದು ಏಳಿದ್ವು. ಅಲ್ಲಿದ್ದಿದ್ರೂ ನಾನು ಒಳಗೇ ಓಗ್ತಿದ್ನಲ್ಲವ್ವಾ!"

ನಗಲು ಶುರು ಮಾಡಿದವನು ಕೆಮ್ಮು ಬರುವವರೆಗೂ ನಕ್ಕ. ನಾನೂ ನಕ್ಕೆ. ಏನೂ ತಿಳಿಯದ ರಾನ್ ಕೂಡ ನಕ್ಕ. ನಕ್ಕು ಮುಗಿದ ಮೇಲೆ ಅಣ್ಣನ ದನಿ ಬದಲಾಯಿತು.

"ಜಯ, ಇದ್ನ ಇಡ್ಕಂಡು ಮಗಿ ಅತ್ರ ನನ್ ಪರವಾಗಿ ವಾದ ಮಾಡ್ಬ್ಯಾಡ. ಅವರ ಕಾನೂನು ಅವರ್ದು, ನಮ್ದು ನಮ್ದು. ಅವಳ್ ಸಿಟ್ಟು ಗಿಡದ ಮ್ಯಾಲಲ್ಲ ಕಣವ್ವ. ಮನೇಲಿ ಒಂದ್ ಮಾತೂ ಏಳ್ದೆ ಮಾಡ್ದೆ, ಅದನ್ನ ಅವಳು ಪೇಪರ್ ನೋಡಿ ತಿಳ್ಕಂಡ್ಲು. ಅದುಕ್ಕೆ."

ಶುಕ್ರವಾರ, ಮೇಲಿನ ಮನೆಯ ಊಟ

ಮದುವೆಯ ಹಿಂದಿನ ಸಂಜೆ ರಾನ್ ಮತ್ತು ಐರಿನ್ ನಮ್ಮನ್ನು ಊಟಕ್ಕೆ ಕರೆದರು. ಅವರ ಸಂಜೆಯ ಊಟ ನಮ್ಮ ಕಾಫಿಯ ಹೊತ್ತಿಗೇ. ಬಿಸಿಲಿರುವಾಗಲೇ ಊಟ ಮುಗಿಸುವ ಜನವನ್ನು ನಾನು ಅಲ್ಲೇ ಮೊದಲು ನೋಡಿದ್ದು. ಬಿಜು, ಕಾವ್ಯ, ನಾನು ಮೇಜಿನ ಸುತ್ತ ಕೂತೆವು. ನಾನು ಮಾಡಿಕೊಂಡು ಹೋಗಿದ್ದ ಹುರಳಿಕಟ್ಟಿನ ಸಾರನ್ನು ಐರಿನ್ ಎರಡು ಸಲ ಹಾಕಿಸಿಕೊಂಡಳು.

ರಾನ್ ಕಾವ್ಯಳ ಕಡೆ ತಿರುಗಿ, "ನಿನ್ನೆ ನಿನ್ನ ತಂದೆಯ ಜೊತೆ ಮಾತಾಡಿದೆ. ಹೊಗೆಸೊಪ್ಪಿನ ಕೆಲಸ ಚೆನ್ನಾಗಿ ಬಲ್ಲವರು. ನಿನಗೆ ಚಳಿಗೆ ಕೋಟು ಇದೆಯಾ ಎಂದು ಕೇಳಿದರು. ಮದುವೆಗೆ ಅವರು ಯಾಕೆ ಬರಲಿಲ್ಲ?" ಅಂದ.

ಒಳಗಿನ ಕಥೆ ಪಾಪ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಕಾವ್ಯ ಚಮಚ ಕೆಳಗಿಟ್ಟು ನನ್ನನ್ನು ನೋಡಿದಳು. ಏನಾದರೂ ನೆಪ ಹೇಳುತ್ತಾಳೆ ಅಂದುಕೊಂಡೆ. ಅವಳು ನೆಟ್ಟಗೆ ಕೂತು ಇಂಗ್ಲಿಷಿನಲ್ಲಿ ಹೇಳಿದಳು: ಅವರಿಗೆ ಪಾಸ್‌ಪೋರ್ಟ್ ಕೊಡುವುದಿಲ್ಲ. ನೀವು ಬೆಳೆಯುವ ಗಿಡವನ್ನೇ ಬೆಳೆದಿದ್ದರು. ಅರೆಸ್ಟ್ ಆಯಿತು.

ಮೇಜಿನ ಮೇಲೆ ಬೆಣ್ಣೆಯ ಪಕ್ಕದಲ್ಲೇ ಐರಿನ್‌ಳ ಪುಟ್ಟ ಗಾಜಿನ ಡಬ್ಬಿ ಇತ್ತು, ಒಳಗೆ ಆ ಬಟಾಣಿಯಷ್ಟು ರಾಸಿನ್. ಮಲಗುವ ಮುಂಚೆ ಅಕ್ಕಿಕಾಳಿಗಿಂತ ಕಡಿಮೆ ತೆಗೆದುಕೊಳ್ಳುತ್ತಿದ್ದಳಂತೆ. ರಾನ್ ಸದ್ದಿಲ್ಲದೆ ಎದ್ದು ಅದನ್ನು ಅಲ್ಲಿಂದ ಎತ್ತಲು ಕೈ ಹಾಕಿದ.

"ಇರಲಿ ಬಿಡು ರಾನ್," ಅಂದಳು ಐರಿನ್. ಆಮೇಲೆ ಕಾವ್ಯಳಿಗೆ ಒಂದು ಮಾತು ಹೇಳಿದಳು. ಬಿಜು ನನಗೆ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದ; ಮಾನಂದವಾಡಿಯವರಿಗೆ ನಮ್ಮ ಭಾಷೆ ಅಷ್ಟಿಷ್ಟು ಬರುತ್ತದೆ.

ಕಾನೂನು ಬರುವುದಕ್ಕೆ ಎಷ್ಟೋ ವರ್ಷ ಮುಂಚೆ, ಇದೇ ವಿಷಯಕ್ಕೆ ಅವಳ ಸ್ವಂತ ಅಣ್ಣ ಜೈಲಿಗೆ ಹೋಗಿದ್ದನಂತೆ. ಊರಿಗೆಲ್ಲ ಗೊತ್ತಾಗಿತ್ತಂತೆ. ಅವನು ಬಿಡುಗಡೆಯಾಗಿ ಬಂದ ದಿನ ಅವರಮ್ಮ ಏನೂ ಕೇಳಲಿಲ್ಲ, ಎಂದಿನ ಹಾಗೆ ತಟ್ಟೆಗೆ ಆಲೂಗಡ್ಡೆ ಬಡಿಸಿದಳಂತೆ. ಹುಡುಗಿಯಾಗಿದ್ದ ಐರಿನ್‌ಗೆ ಅಣ್ಣನನ್ನು ನೋಡಿ ಮೈಯೆಲ್ಲ ಉರಿದು ಹೋಯಿತಂತೆ.

"ಯಾವಾಗ ಕೋಪ ಹೋಯಿತು?" ಕಾವ್ಯ ಕೇಳಿದಳು.

ಐರಿನ್ ಯೋಚಿಸಿದಳು. "ಯಾವತ್ತು ಹೋಯಿತೋ ಗೊತ್ತಿಲ್ಲ. ಊಟಕ್ಕೆ ಕೂತಾಗ ಅವನು ಬೆಣ್ಣೆ ಕೊಡು ಅಂದರೆ ಕೊಡುತ್ತಿದ್ದೆ. ಕೋಪ ಇದ್ದಾಗಲೂ ಕೊಡುತ್ತಿದ್ದೆ."

ಕೆಳಗಿಳಿದ ಮೇಲೆ ಕಾವ್ಯ ಮರುದಿನದ ಸೀರೆ ತೆಗೆದಿಟ್ಟು ಮಲಗಿದಳು. ಅಣ್ಣ ವಾದ ಮಾಡಬೇಡ ಅಂದಿದ್ದ, ನಾನು ಮಾಡಲಿಲ್ಲ.

ಶನಿವಾರ

ಬೆಳಗ್ಗೆ ಬೇಗ ಕೂರಿಸಿ ಹೊಸ ಸ್ಟ್ರೈಟ್ನರಿನಲ್ಲಿ ಅವಳ ಮುಂಗೂದಲು ತಿದ್ದಿದೆ. ಹಿಂದೆ ಜಡೆ ಹಾಕಿ ಮೈಸೂರು ಮಲ್ಲಿಗೆಯ ಬದಲು ಅಲ್ಲಿನ ಬಿಳಿ ಗುಲಾಬಿ ಮುಡಿಸಿದೆ. ಕಾಡಿಗೆ ತೀಡಲು ಅವಳ ಗಲ್ಲ ಹಿಡಿದಾಗ ಅವಳು ಕಣ್ಣು ಮುಚ್ಚಿಕೊಂಡೇ, "ಅತ್ತೆ, ಅಪ್ಪಂಗೆ ಫೋನ್ ಹಾಕು," ಅಂದಳು. ನಾನು ಫೋನು ಹುಡುಕುವಷ್ಟರಲ್ಲಿ, "ಬ್ಯಾಡ, ನಾನೇ ಹಾಕ್ತೀನಿ. ನಂಗಿನ್ನೂ ಸಿಟ್ಟು ಓಗಿಲ್ಲ, ತಿಳ್ಕೋ," ಅಂದಳು.

ಅಲ್ಲಿ ಸಾಯಂಕಾಲ. ಅಣ್ಣ ಕೊಟ್ಟಿಗೆಯ ಮುಂದೆ ಬನಿಯನ್ ಹಾಕಿಕೊಂಡು ಹಸುವಿಗೆ ಹುಲ್ಲು ಹಾಕುತ್ತಿದ್ದ. ಪರದೆಯ ಮೇಲೆ ನಾನಿರುತ್ತೇನೆ ಅಂದುಕೊಂಡವನು ಸೀರೆಯುಟ್ಟ ಮಗಳನ್ನು ಕಂಡು ಹುಲ್ಲಿನ ಕಂತೆ ಹಿಡಿದೇ ನಿಂತುಬಿಟ್ಟ. ಹಸು ಬಂದು ಅವನ ಕೈಯಲ್ಲಿದ್ದ ಹುಲ್ಲನ್ನು ಎಳೆದುಕೊಂಡು ತಿನ್ನತೊಡಗಿತು.

"ಶರ್ಟ್ ಆಕ್ಕೋ ಅಪ್ಪ," ಅಂದಳು ಕಾವ್ಯ. "ಎಲ್ರೂ ನೋಡ್ತಾರೆ."

ಅವನು ಓಡಿದ ಓಟ! ಫೋನು 'ಪಡ್' ಅಂತ ನೆಲಕ್ಕೆ ಬಿತ್ತು. ನಮಗೆ ಅಂತರಸಂತೆಯ ಆಕಾಶ ಮಾತ್ರ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಬಿಳಿ ಶರ್ಟಿನ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡ ಅಣ್ಣ, ಅವನ ಹಿಂದೆ ಅಕ್ಕಪಕ್ಕದ ಮನೆಯವರು.

ಸರ್ಕಾರಿ ಕಚೇರಿಯಲ್ಲಿ ಸಹಿ ಹಾಕುವ ಮುಂಚೆ ಬ್ಯಾರನ್ನಿನ ಅಂಗಳದಲ್ಲೇ ಧಾರೆ ಆಗಲಿ ಎಂದು ಕಾವ್ಯ ಹೇಳಿದಳು. ಅವಳು ಒಂದು ದಿನವೂ ಕಾಲಿಡದ ಜಾಗ ಅದು. ಮೇಪಲ್ ಮರದ ಎಲೆಗಳು ಕೆಂಪಾಗಿ ಉದುರುತ್ತಿದ್ದವು. ಐರಿನ್‌ಗೆ ಕಂಬಳಿ ಹೊದೆಸಿ ಕುರ್ಚಿ ಹಾಕಿದೆವು. ರಾನ್ ಫೋನನ್ನು ಎತ್ತಿ ಹಿಡಿದು, ತೋಳು ನಡುಗಿದರೂ ಇಳಿಸದೆ ನಿಂತ. ಬಿಜುವಿನ ಕೈಮೇಲೆ ಕಾವ್ಯಳ ಕೈ ಇಟ್ಟು, ಮೇಲೊಂದು ತೆಂಗಿನಕಾಯಿ ಇಟ್ಟೆ. ಚೊಂಬು ನನ್ನ ಕೈಯಲ್ಲಿತ್ತು.

"ನೀನೇ ಎರಿಯವ್ವ," ಅಂದ ಅಣ್ಣ. "ನನ್ ಪರವಾಗಿ."

ನಾನು ನೀರು ಎರೆದೆ. ಪರದೆಯಲ್ಲಿ ನೋಡಿದರೆ ಅವನೂ ಒಂದು ಚೊಂಬು ಹಿಡಿದು ತನ್ನ ಅಂಗಳದ ಮಣ್ಣಿಗೆ ನೀರು ಎರೆಯುತ್ತಿದ್ದ. ಮುಖ ತೊಯ್ದಿತ್ತು. ಚೊಂಬು ಬರಿದಾದರೂ ಬಗ್ಗಿಸಿಕೊಂಡೇ ಇದ್ದ. ಹಿಂದಿನಿಂದ ಯಾರೋ ಅಜ್ಜಿ, "ಸಾಕು ಬುಡ್ಲಾ ಪುಟ್ಟಸ್ವಾಮಿ, ನೀರೆಲ್ಲಾ ಮುಗ್ದೋಯ್ತು," ಅಂದಳು.

ಕಾವ್ಯ ಅಳುತ್ತಾ ನಕ್ಕಳು. ನಾನು ಹಚ್ಚಿದ ಕಾಡಿಗೆಯೆಲ್ಲ ಹಾಳಾಯಿತು. ಕಚೇರಿಗೆ ಹೊರಡುವ ಮುಂಚೆ ಕಾರಿನಲ್ಲೇ ಮತ್ತೆ ತೀಡಬೇಕಾಯಿತು.

ಪಿರಿಯಾಪಟ್ಟಣ

ಬಂದ ಮೇಲೆ ಪಾರ್ಲರಿನಲ್ಲಿ ಎಲ್ಲರೂ ಕೇಳುವುದು ನಯಾಗರ ನೋಡಿದೆಯಾ ಎಂದು. ನೋಡಲಿಲ್ಲ, ಪುರುಸೊತ್ತಾಗಲಿಲ್ಲ. ಐರಿನ್ ಕೂದಲು ಕಿವಿಯವರೆಗೆ ಬೆಳೆದಿರುವ ಫೋಟೊ ಕಳಿಸಿದ್ದಾಳೆ, ಬಂದು ನೀನೇ ಕತ್ತರಿಸಬೇಕು ಅಂದಿದ್ದಾಳೆ. ಅಣ್ಣನ ಕೇಸು ಹಾಗೇ ಇದೆ, ಪ್ರತಿ ವಾಯಿದೆಗೆ ಮೈಸೂರಿಗೆ ಹೋಗಿ ಬರುತ್ತಾನೆ. ಏನೇ ತೀರ್ಪು ಬಂದರೂ ಈ ಸಲ ಮಗಳಿಗೆ ಮೊದಲು ತಾನೇ ಹೇಳುತ್ತಾನಂತೆ. ಬಿಜು ಮತ್ತು ಕಾವ್ಯ ಯುಗಾದಿಗೆ ಬರುವ ಮಾತಿದೆ.

ಇಷ್ಟು ವರ್ಷ ಭಾನುವಾರ ಸಂಜೆಯಾದರೆ ಕಾವ್ಯಳ ಫೋನು ನನಗೆ ಬರುತ್ತಿತ್ತು. ಈಗ ಕಾದು ಕಾದು ನಾನೇ ಮಾಡುತ್ತೇನೆ. ಲೈನು ಬ್ಯುಸಿ. ಅಣ್ಣನಿಗೆ ಮಾಡುತ್ತೇನೆ, ಅವನದೂ ಬ್ಯುಸಿ.